ಹಡಗು ಯಾರದು?

೨೦೨೫ನೆಯ ಇಸವಿ ಜೂನ್ ೯ರ ರಾತ್ರಿ, ಮಳೆಗಾಲದ ಕಡಲು ಮೊರೆಯುತ್ತಿದ್ದ ಹೊತ್ತಿನಲ್ಲಿ, ನಮ್ಮ ನೌಕಾಪಡೆಯ ‘ಸೂರತ್’ ಎಂಬ ಹಡಗು ಹದಿನೆಂಟು ಮಂದಿ ನಾವಿಕರನ್ನು ಪಣಂಬೂರಿನ ನವಮಂಗಳೂರು ಬಂದರಿಗೆ ತಂದು ಇಳಿಸಿತು. ಕೊಲಂಬೊದಿಂದ ಮುಂಬಯಿಯ ಕಡೆಗೆ ಹೊರಟಿದ್ದ ‘ವಾನ್ ಹೈ ೫೦೩’ ಎಂಬ ಕಂಟೇನರ್ ಹಡಗಿನಲ್ಲಿ ಆ ದಿನ ಬೆಳಗ್ಗೆ, ಕೇರಳದ ಕರಾವಳಿಯಿಂದ ದೂರದ ಸಮುದ್ರದಲ್ಲಿ, ಸ್ಫೋಟವಾಗಿ ಬೆಂಕಿ ಎದ್ದಿತ್ತು. ಹಡಗಿನಲ್ಲಿದ್ದವರು ಇಪ್ಪತ್ತೆರಡು ಮಂದಿ. ಅವರಲ್ಲಿ ನಾಲ್ವರು ಸಿಕ್ಕಲಿಲ್ಲ. ಸಿಕ್ಕಿದವರಲ್ಲಿ ಸುಟ್ಟ ಗಾಯಗಳಾದವರನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ಚೀನ, ತೈವಾನ್, ಬರ್ಮಾ, ಇಂಡೊನೇಶಿಯಗಳ ಆ ಮಂದಿಗೆ ನಮ್ಮ ಊರಿನ ಹೆಸರು ಅದಕ್ಕೆ ಹಿಂದಿನ ದಿನದವರೆಗೂ ತಿಳಿದಿತ್ತೋ ಇಲ್ಲವೋ!

ಇದಾದ ಎರಡು ಮೂರು ದಿನಗಳ ಮೇಲೆ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಎದ್ದುನಿಂತು, “ಆ ಹಡಗು ಯಾರದು ಸರ್?” ಎಂದು ಕೇಳಿದಳು. ನಾನಾಗ ಹಳಗನ್ನಡದ ಒಂದು ಪದ್ಯಕ್ಕೆ ಅನ್ವಯ ಹೇಳುವುದರಲ್ಲಿ ತೊಡಗಿದ್ದೆ. ಪದ್ಯಕ್ಕೂ ಪ್ರಶ್ನೆಗೂ ಯಾವ ನಂಟೂ ಇರಲಿಲ್ಲ. ಆಕೆಯ ತಂದೆ ಮೀನುಗಾರಿಕೆಯ ದೋಣಿಯೊಂದರಲ್ಲಿ ತಂಡೇಲರೆಂಬುದು ನನಗೆ ತಿಳಿದದ್ದು ಅನಂತರ. “ತೈವಾನಿನ ಕಂಪೆನಿಯೊಂದರದು, ಬಾವುಟ ಸಿಂಗಾಪುರದ್ದು” ಎಂದಷ್ಟೇ ಹೇಳಿ ಅನ್ವಯಕ್ಕೆ ಮರಳಿದೆ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಒಬ್ಬನು ಹಡಗಿನ ಒಡೆಯ, ಇನ್ನೊಂದು ದೇಶ ಅದರ ಬಾವುಟದ ಒಡತಿ, ಸುಟ್ಟುಕೊಂಡವರು ಮತ್ತೆ ಯಾವುದೋ ನಾಡಿನವರು, ಎಣ್ಣೆಯೂ ಬೂದಿಯೂ ಬಂದು ಬೀಳುವುದು ನಮ್ಮ ದಡಕ್ಕೆ ಎಂದ ಮೇಲೆ ‘ಯಾರದು’ ಎಂಬ ಷಷ್ಠೀ ವಿಭಕ್ತಿಯ ಮಾತು ಅಷ್ಟು ಸುಲಭವಾಗಿ ಮುಗಿಯುವುದೆ? ಅಂದು ಅರ್ಧದಲ್ಲಿ ಬಿಟ್ಟ ಉತ್ತರವನ್ನು ಇಲ್ಲಿ ಮುಂದುವರಿಸುತ್ತಿದ್ದೇನೆ. ಕನ್ನಡದ ಅಧ್ಯಾಪಕನಿಗೆ ಹಡಗಿನ ಉಸಾಬರಿ ಏಕೆಂದು ಓದುಗರು ಕೇಳಬಹುದು. ಕಡಲಿನ ಮಗ್ಗುಲಲ್ಲಿ ಹುಟ್ಟಿ ಬೆಳೆದವನಿಗೆ ಅಷ್ಟು ಸಲಿಗೆ ಉಂಟೆಂದು ನನ್ನ ನಂಬಿಕೆ.

೨೦೨೧ರ ಮಾರ್ಚ್ ೨೩ರಂದು ಸೂಯೆಜ್ ಕಾಲುವೆಯಲ್ಲಿ ಅಡ್ಡಲಾಗಿ ಸಿಕ್ಕಿಕೊಂಡ ‘ಎವರ್ ಗಿವನ್’ ಹಡಗನ್ನು ಯಾರೂ ಮರೆತಿರಲಾರರು. ನಾನೂರು ಮೀಟರು ಉದ್ದದ ಆ ಹಡಗು ಆರು ದಿನ ಕಾಲುವೆಯ ಬಾಯಿಗೆ ಬೆಣೆಯಂತೆ ನಿಂತುಬಿಟ್ಟಿತು. ಹಿಂದೆಮುಂದೆ ನೂರಾರು ಹಡಗುಗಳು ಲಂಗರು ಹಾಕಿ ಕಾದವು. ಆಗ ಜಗತ್ತೆಲ್ಲ ಅದರ ಚಿತ್ರವನ್ನು ನೋಡಿ ನಕ್ಕಿತು. ನನಗೆ ಕುತೂಹಲವೆನಿಸಿದ್ದು ಅದರ ಜಾತಕ. ಹಡಗಿನ ಮಾಲಿಕರು ಜಪಾನಿನವರು. ಬಾಡಿಗೆಗೆ ಹಿಡಿದು ಸರಕು ಸಾಗಿಸುತ್ತಿದ್ದವರು ತೈವಾನಿನವರು. ದಿನನಿತ್ಯದ ಮೇಲ್ವಿಚಾರಣೆ ಜರ್ಮನಿಯ ಸಂಸ್ಥೆಯದು. ಬಾವುಟ ಪನಾಮ ದೇಶದ್ದು. ಒಳಗಿದ್ದ ಇಪ್ಪತ್ತೈದು ಮಂದಿ ನಾವಿಕರು ಮಾತ್ರ, ಒಬ್ಬರೂ ತಪ್ಪದೆ, ಭಾರತೀಯರು! ಹಡಗು ಮರಳಿನಿಂದ ಬಿಡಿಸಿಕೊಂಡಿತಾದರೂ ಕಾಲುವೆಯ ಆಡಳಿತವು ತೊಂಬತ್ತು ಕೋಟಿ ಡಾಲರುಗಳಿಗೂ ಮಿಗಿಲಾದ ಪರಿಹಾರವನ್ನು ಕೇಳಿ ಅದನ್ನು ತಡೆದಿರಿಸಿತು. ವ್ಯವಹಾರ ತೀರ್ಮಾನವಾಗಿ ಹಡಗು ಹೊರಟದ್ದು ಜುಲೈ ೭ರಂದು. ಅಲ್ಲಿಯವರೆಗೆ ಜಪಾನಿನವರೂ ತೈವಾನಿನವರೂ ಜರ್ಮನಿಯವರೂ ತಂತಮ್ಮ ಕಚೇರಿಗಳಲ್ಲಿದ್ದರು. ಕಾಲುವೆಯ ನಡುವಣ ಉಪ್ಪುನೀರಿನ ಸರೋವರದಲ್ಲಿ ಹಡಗಿನ ಜೊತೆಗೆ ಉಳಿದವರು ನಮ್ಮ ಹುಡುಗರು.

ಬಾವುಟವೆಂಬುದು ನಮಗೆ ಪೂಜ್ಯವಾದ ವಸ್ತು. ಹಡಗಿನ ವ್ಯವಹಾರದಲ್ಲಿ ಅದು ಅಂಗಡಿಯಲ್ಲಿ ಸಿಕ್ಕುವ ವಸ್ತು. ತನ್ನ ನಾಡಿನಲ್ಲಿ ಹಡಗನ್ನು ನೋಂದಾಯಿಸಿದರೆ ತೆರಿಗೆ ಹೆಚ್ಚು, ಕೂಲಿಯ ಕಾನೂನು ಬಿಗಿ ಎಂದು ಕಂಡ ಮಾಲಿಕನು ಪನಾಮಕ್ಕೋ ಲೈಬೀರಿಯಕ್ಕೋ ಮಾರ್ಷಲ್ ದ್ವೀಪಗಳಿಗೋ ಶುಲ್ಕ ಕಟ್ಟಿ ಅಲ್ಲಿಯ ಬಾವುಟವನ್ನು ಏರಿಸುತ್ತಾನೆ. ಲೋಕದ ಹಡಗುಗಳ ಒಟ್ಟು ಹೊರೆಯಲ್ಲಿ ಐದರಲ್ಲಿ ಎರಡು ಪಾಲಿಗೂ ಮೀರಿ ಈ ಮೂರೇ ಬಾವುಟಗಳ ಕೆಳಗಿದೆ. ಮಂಗೋಲಿಯ ದೇಶಕ್ಕೆ ಯಾವ ದಿಕ್ಕಿನಲ್ಲಿಯೂ ಕಡಲಿಲ್ಲ. ಆದರೂ ಹಡಗುಗಳನ್ನು ನೋಂದಾಯಿಸುವ ಕಚೇರಿ ಅದಕ್ಕೂ ಉಂಟು. ಆ ದೇಶದ ಪ್ರಜೆ ತನ್ನ ನಾಡಿನ ಹಡಗನ್ನು ನೋಡಬೇಕಾದರೆ ಪರದೇಶಕ್ಕೆ ಹೋಗಬೇಕು! ಪನಾಮದ ಬಾವುಟ ಹೊತ್ತ ಹಡಗಿಗೆ ನಡುಗಡಲಿನಲ್ಲಿ ಪನಾಮದ ಕಾನೂನು. ಹಡಗಿನಲ್ಲಿ ನಾವಿಕನಿಗೆ ಅನ್ಯಾಯವಾದರೆ ಮೊದಲು ಕೇಳಬೇಕಾದದ್ದು ಪನಾಮವನ್ನು. ಕಾಪು ಅಥವಾ ಮಲ್ಪೆಯ ಹುಡುಗನೊಬ್ಬ ಪನಾಮವನ್ನು ಕೇಳುವ ಬಗೆ ಹೇಗೆ?

ಇದೆಲ್ಲ ಕೇವಲ ವಂಚನೆಯೆಂದು ಹೇಳಿಬಿಟ್ಟರೆ ಅದು ಅವಸರದ ಮಾತಾದೀತು. ಈ ಬಾವುಟಗಳಲ್ಲಿಯೂ ಒಳ್ಳೆಯ ಹಡಗುಗಳುಂಟು, ಮರ್ಯಾದಸ್ಥ ಮಾಲಿಕರುಂಟು. ಸಮುದ್ರ ವ್ಯಾಪಾರದ ಕಾನೂನಿನಲ್ಲಿ ನಾವು ತಲೆಬಾಗಬೇಕಾದಂಥ ಹಿರಿಯ ವಿಚಾರಗಳೂ ಇವೆ. ಅದರಲ್ಲಿ ಒಂದನ್ನು ಇಲ್ಲಿ ತುಸು ವಿಸ್ತಾರವಾಗಿಯೇ ಹೇಳಬೇಕು.

ಬಿರುಗಾಳಿಗೆ ಸಿಕ್ಕಿದ ಹಡಗನ್ನು ಉಳಿಸಲು ನಾಯಕನು ಕೆಲವರ ಸರಕನ್ನು ನೀರಿಗೆ ಎಸೆಯಿಸುತ್ತಾನೆ. ಹಡಗು ಹಗುರವಾಗಿ ದಡ ಸೇರುತ್ತದೆ. ಸರಕನ್ನು ಕಳೆದುಕೊಂಡವನು ತನ್ನ ಹಣೆಬರಹವೆಂದು ಸುಮ್ಮನಿರಬೇಕೆ? ಇರಬೇಕಾಗಿಲ್ಲ ಎನ್ನುತ್ತದೆ ಕಡಲಿನ ಧರ್ಮ. ಎಲ್ಲರಿಗಾಗಿ ಒಬ್ಬನು ಕಳೆದುಕೊಂಡದ್ದನ್ನು ಉಳಿದುಕೊಂಡವರೆಲ್ಲರೂ, ಹಡಗಿನ ಒಡೆಯನೂ ಸೇರಿ, ತಂತಮ್ಮ ವಸ್ತುವಿನ ಬೆಲೆಗೆ ತಕ್ಕಂತೆ ಹಂಚಿಕೊಂಡು ತುಂಬಿಕೊಡಬೇಕು. ರೋಡ್ಸ್ ಎಂಬ ಗ್ರೀಕ್ ದ್ವೀಪದ ವರ್ತಕರ ಕಟ್ಟಳೆಯಾಗಿದ್ದ ಇದನ್ನು ರೋಮನರು ತಮ್ಮ ನ್ಯಾಯಶಾಸ್ತ್ರಕ್ಕೆ ತೆಗೆದುಕೊಂಡರು. ಇಂದಿಗೂ ಅದು ಜೀವಂತವಾಗಿದೆ. ಎವರ್ ಗಿವನ್ ಹಡಗಿನ ಒಡೆಯರು ೨೦೨೧ರ ಏಪ್ರಿಲಿನಲ್ಲಿ ಈ ಸಾಮಾನ್ಯ ನಷ್ಟಹಂಚಿಕೆಯನ್ನೇ ಘೋಷಿಸಿದರು. ಅದರೊಳಗೆ ಒಂದೇ ಒಂದು ಪೆಟ್ಟಿಗೆ ಆಟಿಕೆಯನ್ನು ಕಳುಹಿಸಿದ್ದ ವರ್ತಕನೂ ತನ್ನ ಪಾಲಿಗೆ ಜಾಮೀನು ಕೊಟ್ಟ ಮೇಲೆಯೇ ಪೆಟ್ಟಿಗೆಯನ್ನು ಬಿಡಿಸಿಕೊಳ್ಳಬೇಕಾಯಿತು. ಎರಡು ಸಾವಿರ ವರ್ಷಗಳಿಗೂ ಹಿಂದಿನ ಒಂದು ನ್ಯಾಯದ ಮಾತು ಇಪ್ಪತ್ತೊಂದನೆಯ ಶತಮಾನದ ದೈತ್ಯ ಹಡಗಿನಲ್ಲಿ ಸಲ್ಲುತ್ತದೆಯೆಂದರೆ, ಸಂಪ್ರದಾಯವನ್ನು ಹೊಗಳುವ ನಮ್ಮಂಥ ಸಾಹಿತ್ಯದ ಮೇಷ್ಟ್ರುಗಳಿಗೂ ಅಚ್ಚರಿಯಾಗಬೇಕು.

ಆದರೆ ಆ ಹಂಚಿಕೆಯ ಪಟ್ಟಿಯಲ್ಲಿ ಮನುಷ್ಯನಿಲ್ಲ. ರೋಮನ್ ನ್ಯಾಯವೇತ್ತರು ಇದನ್ನು ಕಾಣದೆ ಬಿಟ್ಟವರಲ್ಲ. ಸ್ವತಂತ್ರನಾದ ಮನುಷ್ಯನ ದೇಹಕ್ಕೆ ಬೆಲೆ ಕಟ್ಟುವುದು ಸಾಧ್ಯವಿಲ್ಲವೆಂದು ಅವರು ಸ್ಪಷ್ಟವಾಗಿ ಹೇಳಿದರು. ಅಂದು ಅದು ಗೌರವದ ಮಾತಾಗಿತ್ತು. ಲೆಕ್ಕಕ್ಕೆ ಸಿಕ್ಕದಷ್ಟು ದೊಡ್ಡವನು ಎಂಬ ಕಾರಣದಿಂದ ಹೊರಗಿಟ್ಟ ಮನುಷ್ಯ ಕಾಲಾಂತರದಲ್ಲಿ ಲೆಕ್ಕಕ್ಕೇ ಬಾರದವನಾಗಿಬಿಟ್ಟ. ಇಂದಿನ ನೌಕಾ ವ್ಯಾಪಾರದ ಬಗೆಗೆ ನನ್ನ ತಕರಾರೆಲ್ಲ ಈ ಒಂದು ಸ್ಥಳದಲ್ಲಿ ಬಂದು ನಿಲ್ಲುತ್ತದೆ.

ನನ್ನ ತಾತ ಮಂಗಳೂರಿನ ಹಳೆಯ ಬಂದರಿನಲ್ಲಿ ಹಂಚಿನ ವ್ಯಾಪಾರಿಯೊಬ್ಬರ ಗುಮಾಸ್ತರಾಗಿದ್ದರು. ಬಾಲ್ಯದಲ್ಲಿ ಅವರ ಕೈಹಿಡಿದು ಧಕ್ಕೆಗೆ ಹೋದ ನೆನಪು ನನಗಿನ್ನೂ ಮಾಸಿಲ್ಲ. ನೇತ್ರಾವತಿಯೂ ಗುರುಪುರ ಹೊಳೆಯೂ ಕೂಡಿ ಅಳಿವೆಯ ಕಡೆಗೆ ಸಾಗುವ ಆ ಎಡೆಯಲ್ಲಿ ಮರದ ಮಂಜಿಗಳು ಸಾಲಾಗಿ ನಿಂತಿರುತ್ತಿದ್ದವು. ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಹಂಚು, ಕಲ್ಲು ಹೋಗುತ್ತಿದ್ದುದು ಅಲ್ಲಿಂದಲೇ. ಹಮಾಲರು ಹಲಗೆಯ ಮೇಲೆ ಓಡಿಯಾಡುತ್ತ ಹೊರೆ ಇಳಿಸುವಾಗ ‘ಒಂದು’ ಎನ್ನದೆ ‘ಲಾಭ’ ಎಂದು ಮೊದಲುಮಾಡಿ ರಾಗವಾಗಿ ಎಣಿಸುತ್ತಿದ್ದರು. ಹೊಸ ಹಂಚಿನ ಸುಟ್ಟ ಮಣ್ಣಿನ ವಾಸನೆ, ಒಣಮೀನಿನ ವಾಸನೆ, ಡಾಮರಿನ ವಾಸನೆ ಒಂದಾಗಿ ಮೂಗಿಗೆ ಬಡಿಯುತ್ತಿತ್ತು. ಯಾವ ಮಂಜಿಯಲ್ಲಿ ಏನಿದೆ ಎಂಬುದು ಧಕ್ಕೆಯ ಮೇಲೆ ಕುಳಿತ ಬೆಕ್ಕಿಗೂ ಗೊತ್ತಿರುತ್ತಿತ್ತು.

ಈ ಬಗೆಯ ಬಂದರಿಗೆ ಮುಗಿಯುವ ಕಾಲವನ್ನು ತಂದವನು ಒಬ್ಬ ಲಾರಿ ಮಾಲಿಕ. ಅಮೆರಿಕದ ಮಾಲ್ಕಂ ಮೆಕ್ಲೀನ್ ಎಂಬಾತನು ೧೯೫೬ರ ಏಪ್ರಿಲ್ ೨೬ರಂದು ‘ಐಡಿಯಲ್ ಎಕ್ಸ್’ ಎಂಬ ಹಡಗಿನ ಮೇಲೆ ೫೮ ಅಲ್ಯುಮಿನಿಯಂ ಪೆಟ್ಟಿಗೆಗಳನ್ನು ಇರಿಸಿ ನ್ಯೂಆರ್ಕಿನಿಂದ ಹೂಸ್ಟನ್ನಿಗೆ ಕಳುಹಿಸಿದನು. ಚೀಲ ಪೀಪಾಯಿಗಳನ್ನು ಕೈಯಿಂದ ಹೇರುವುದಕ್ಕೆ ಆಗ ಟನ್ನಿಗೆ ಸುಮಾರು ೬ ಡಾಲರು ತಗಲುತ್ತಿತ್ತು. ಪೆಟ್ಟಿಗೆಯ ಲೆಕ್ಕದಲ್ಲಿ ಅದು ೧೬ ಸೆಂಟಿಗೆ ಇಳಿಯಿತು. ಇದು ಉತ್ಪ್ರೇಕ್ಷಾಲಂಕಾರವಲ್ಲ, ಲೆಕ್ಕದ ಪುಸ್ತಕದ ಮಾತು. ಪೆಟ್ಟಿಗೆಯನ್ನು ಲಾರಿಯಿಂದ ರೈಲಿಗೆ, ರೈಲಿನಿಂದ ಹಡಗಿಗೆ ಬಿಚ್ಚದೆಯೇ ಎತ್ತಿ ಇಡಬಹುದಾಗಿ, ವಾರಗಟ್ಟಲೆ ಧಕ್ಕೆಯಲ್ಲಿ ನಿಲ್ಲುತ್ತಿದ್ದ ಹಡಗು ಒಂದೆರಡು ದಿನಗಳಲ್ಲಿ ಹೊರಡುವಂತಾಯಿತು. ಹಡಗು ನಿಂತರೆ ನಷ್ಟ, ನಡೆದರೆ ಸಂಪಾದನೆ. ನಾವಿಂದು ಉಡುವ ಬಟ್ಟೆ, ಕೈಯಲ್ಲಿ ಹಿಡಿಯುವ ಫೋನು, ಮಕ್ಕಳ ಆಟಿಕೆ ಇವುಗಳ ಬೆಲೆಯಲ್ಲಿ ಕಡಲ ಸಾಗಾಣಿಕೆಯ ಪಾಲು ಅತ್ಯಲ್ಪವಾದದ್ದು ಈ ಪೆಟ್ಟಿಗೆಯಿಂದ. ಬಡದೇಶಗಳ ಕಾರ್ಖಾನೆಗಳಿಗೆ ದೂರದ ಪೇಟೆಗಳು ತೆರೆದುಕೊಂಡದ್ದೂ ಅದರಿಂದಲೇ. ಇದನ್ನು ಅಲ್ಲಗಳೆಯುವುದು ಕೃತಘ್ನತೆ.

ಅದರ ಬೆಲೆಯನ್ನು ತೆತ್ತವರಲ್ಲಿ ಹಮಾಲರು ಮೊದಲಿಗರು. ಲೋಕದ ಬಂದರುಗಳಲ್ಲೆಲ್ಲ ಲಕ್ಷಾಂತರ ಮಂದಿಯ ಕೆಲಸ ಹೋಯಿತು. ಎರಡನೆಯ ಬೆಲೆಯನ್ನು ನಾವು ಈಗೀಗ ತೆರುತ್ತಿದ್ದೇವೆ. ಪೆಟ್ಟಿಗೆ ಮುಚ್ಚಿದೆ. ಒಳಗೇನಿದೆಯೆಂಬುದು ಹೊರಗಿನವನಿಗೆ ಗೊತ್ತಿಲ್ಲ. ೨೦೨೫ರ ಮೇ ೨೫ರಂದು ಲೈಬೀರಿಯದ ಬಾವುಟ ಹೊತ್ತ ‘ಎಂ.ಎಸ್.ಸಿ. ಎಲ್ಸಾ ೩’ ಎಂಬ ಹಡಗು ವಿಳಿಂಜಂನಿಂದ ಕೊಚ್ಚಿಗೆ ಬರುವಾಗ ಮುಳುಗಿತು. ಇಪ್ಪತ್ತನಾಲ್ಕು ಮಂದಿ ನಾವಿಕರೂ ಬದುಕಿದರು. ೬೪೦ ಪೆಟ್ಟಿಗೆಗಳು ನೀರಿನ ಪಾಲಾದವು. ಅವುಗಳಲ್ಲಿ ಹನ್ನೆರಡರಲ್ಲಿ ನೀರು ತಾಗಿದರೆ ಉರಿಯುವ ಅನಿಲ ಹೊಮ್ಮಿಸುವ ಕ್ಯಾಲ್ಸಿಯಂ ಕಾರ್ಬೈಡ್ ಇತ್ತೆಂಬುದು ದಡದ ಜನಕ್ಕೆ ತಿಳಿದದ್ದು ಹಡಗು ಮುಳುಗಿದ ಮೇಲೆ. ಮರಳಿನ ಮೇಲೆ ಪ್ಲಾಸ್ಟಿಕ್ಕಿನ ಬಿಳಿಯ ಕಾಳುಗಳು ಬಂದು ರಾಶಿಬಿದ್ದವು. ಅದಾಗಿ ಹದಿನೈದು ದಿನಕ್ಕೆ ವಾನ್ ಹೈ ಹೊತ್ತಿಕೊಂಡಿತು. ಆ ದಿನಗಳಲ್ಲಿ ನಮ್ಮ ತೀರದಲ್ಲಿಯೂ ಮೀನು ಕೊಳ್ಳುವವರು ಎರಡು ಸಲ ಯೋಚಿಸಿದರು. ಕಾಣದ ಪೆಟ್ಟಿಗೆಯ ಭಯ ಕಾಣುವ ಬಂಗುಡೆಯ ಮೇಲೆ ಬಿತ್ತು!

ಇಂಥ ಹೊತ್ತಿನಲ್ಲಿ ನನಗೆ ನೆನಪಾಗುವವನು ಬೊಮ್ಮ. ಹನ್ನೆರಡನೆಯ ಶತಮಾನದಲ್ಲಿ ಟ್ಯುನೀಸಿಯ ಮೂಲದ ಬೆನ್ ಯಿಜು ಎಂಬ ಯಹೂದಿ ವರ್ತಕನೊಬ್ಬ ಮಂಗಳೂರಿನಲ್ಲಿ ನೆಲಸಿ ಹಲವು ವರ್ಷ ವ್ಯಾಪಾರ ನಡೆಸಿದನು. ಏಡನ್ನಿನ ವರ್ತಕರು ಅವನಿಗೆ ಬರೆದ ಕಾಗದಗಳು ಕೈರೋ ನಗರದ ಹಳೆಯ ಯಹೂದಿ ಮಂದಿರವೊಂದರ ಕಾಗದದ ಕೋಣೆಯಲ್ಲಿ ಉಳಿದುಬಂದವು. ಆ ಕಾಗದಗಳಲ್ಲಿ ಅವನ ಆಳೊಬ್ಬನ ಪ್ರಸ್ತಾಪ ಬರುತ್ತದೆ. ಅಮಿತಾವ್ ಘೋಷರು ಹಲವು ವರ್ಷ ಅವನ ಬೆನ್ನುಹತ್ತಿ ಹೋಗಿ, ಅವನು ತುಳುನಾಡಿನ ಬೊಮ್ಮನಿರಬೇಕೆಂದು ೧೯೯೨ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ನಿರೂಪಿಸಿದ್ದಾರೆ. ಮೆಣಸು, ಅಡಕೆ, ಕಬ್ಬಿಣ ಇಲ್ಲಿಂದ ಹೋಗುತ್ತಿದ್ದವು. ಕಾಗದ, ಸಕ್ಕರೆ, ಒಣದ್ರಾಕ್ಷಿ ಅಲ್ಲಿಂದ ಬರುತ್ತಿದ್ದವು. ಒಡೆಯನ ಪ್ರತಿನಿಧಿಯಾಗಿ ಏಡನ್ನಿಗೆ ಹೋದ ಬೊಮ್ಮ ಅಲ್ಲಿ ಕುಡಿದು ಗದ್ದಲ ಮಾಡಿ ಹಣ ಕಿತ್ತುಕೊಂಡನೆಂಬ ದೂರೂ ಒಂದು ಕಾಗದದಲ್ಲಿದೆ. ಮುಂದಿನ ಕಾಗದಗಳಲ್ಲಿ ಅದೇ ಬೊಮ್ಮನಿಗೆ ದೊಡ್ಡ ದೊಡ್ಡ ವರ್ತಕರು ಹೆಸರು ಹಿಡಿದು ಕುಶಲ ಕೇಳಿ ವಂದನೆ ಹೇಳುತ್ತಾರೆ. ಆತ ಆಳು, ಆ ಕಾಲದ ದಾಸ್ಯವನ್ನು ನಾನು ಹೊಗಳುತ್ತಿಲ್ಲ. ಆದರೆ ಅರಬ್ಬೀ ಸಮುದ್ರದ ಆಚೆಯ ದಡದಲ್ಲಿ ಕುಳಿತವನಿಗೆ ಈಚೆಯ ದಡದ ಆಳಿನ ಹೆಸರು ಗೊತ್ತಿತ್ತು, ಅವನ ಕುಡಿತವೂ ಗೊತ್ತಿತ್ತು. ವಾನ್ ಹೈ ಹಡಗಿನಲ್ಲಿ ಕಾಣದಾದ ನಾಲ್ವರ ಹೆಸರನ್ನು ನಮ್ಮೂರಿನಲ್ಲಿ ಒಬ್ಬರಾದರೂ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಲಿಲ್ಲ. ನನ್ನ ಬಾಯಿಂದಲೂ ಬರಲಿಲ್ಲ.

ಇನ್ನು ನಮ್ಮ ಬಂದರಿನ ಮಾತು. ಪಣಂಬೂರಿನದು ದೇವರು ಕೊಟ್ಟ ಬಂದರಲ್ಲ. ನೆಲವನ್ನು ಅಗೆದು, ಕಡಲಿಗೆ ತಡೆಗೋಡೆ ಕಟ್ಟಿ, ಹೂಳೆತ್ತಿ ಮನುಷ್ಯರು ಮಾಡಿಕೊಂಡದ್ದು. ಉಳ್ಳಾಲ ಶ್ರೀನಿವಾಸ ಮಲ್ಯರ ಛಲವಿಲ್ಲದಿದ್ದರೆ ಅದು ಕಾಗದದಲ್ಲಿಯೇ ಉಳಿಯುತ್ತಿತ್ತೆಂದು ಹಿರಿಯರು ಹೇಳುವುದರಲ್ಲಿ ಸತ್ಯವಿದೆ. ಅಲ್ಲಿದ್ದ ಮನೆಗಳು, ಗದ್ದೆ ತೋಟಗಳು, ದೈವಸ್ಥಾನಗಳು ಎದ್ದುಹೋದವು; ಜನ ಕಾಟಿಪಳ್ಳ, ಕೃಷ್ಣಾಪುರಗಳ ನಿವೇಶನಗಳಿಗೆ ಹೋದರು. ೧೯೭೪ರಲ್ಲಿ ಅದು ದೇಶದ ಒಂಬತ್ತನೆಯ ಮಹಾಬಂದರಾಯಿತು.

ಆ ವರ್ಷ ನಮ್ಮ ಜಿಲ್ಲೆಗೆ ಇನ್ನೊಂದು ಕಾರಣದಿಂದಲೂ ಸ್ಮರಣೀಯ. ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಗೇಣಿಯ ಪದ್ಧತಿ ಕೊನೆಗೊಂಡದ್ದು ಆಗಲೇ. ವಿಚಿತ್ರವೆಂದರೆ ಹೊಲದಿಂದ ಹೊರಬಿದ್ದ ಗೇಣಿ ಬಂದರಿನೊಳಕ್ಕೆ ನುಸುಳಿತು. ಇಂದು ದೇಶದ ಮಹಾಬಂದರುಗಳೆಲ್ಲ ಮೆಲ್ಲಮೆಲ್ಲನೆ ಧಣಿಗಳಾಗುತ್ತಿವೆ. ನೆಲವೂ ನೀರೂ ಸರಕಾರದ್ದು. ಧಕ್ಕೆಯನ್ನು ಹತ್ತಾರು ವರ್ಷಗಳ ಕರಾರಿಗೆ ಖಾಸಗಿ ಸಂಸ್ಥೆಗೆ ವಹಿಸುವುದು. ಆ ಸಂಸ್ಥೆ ಕ್ರೇನುಗಳನ್ನು ತಂದು ಕೆಲಸ ನಡೆಸಿ ಬಂದರಿಗೆ ಪಾಲು ಸಲ್ಲಿಸುವುದು. ಇದರಲ್ಲಿ ಗುಣವಿಲ್ಲವೆಂದಲ್ಲ. ಸರಕಾರಿ ಹಣಕ್ಕೆ ಕಾಯುತ್ತ ಕುಳಿತಿದ್ದರೆ ಧಕ್ಕೆಗಳು ಹಳೆಯ ಕ್ರೇನಿನಲ್ಲಿಯೇ ತುಕ್ಕುಹಿಡಿಯುತ್ತಿದ್ದವು. ಆದರೆ ಗೇಣಿಯ ವ್ಯವಹಾರದಲ್ಲಿ ಧಣಿಗೆ ಗದ್ದೆಯ ಬದುವಿನ ನೆನಪಿರಬೇಕು. ೧೯೬೩ರ ಕಾನೂನಿನ ವಿಶ್ವಸ್ತ ಮಂಡಳಿಗಳನ್ನು ತೆಗೆದು ೨೦೨೧ರ ಕಾನೂನು ಚಿಕ್ಕ ಮಂಡಳಿಗಳನ್ನು ನಿರ್ಮಿಸಿದೆ. ಅದರಲ್ಲಿ ರೈಲ್ವೆಗೆ, ರಕ್ಷಣಾ ಇಲಾಖೆಗೆ, ಸುಂಕದ ಇಲಾಖೆಗೆ, ರಾಜ್ಯ ಸರಕಾರಕ್ಕೆ ಒಂದೊಂದು ಸ್ಥಾನ, ನೌಕರರಿಗೆ ಎರಡು. ಮೀನುಗಾರರಿಗೆಂದು ಒಂದು ಸ್ಥಾನವೂ ಇಲ್ಲ. ನೆಲ ಬಿಟ್ಟುಕೊಟ್ಟವರಿಗಂತೂ ಇಲ್ಲವೇ ಇಲ್ಲ. ಸ್ವತಂತ್ರ ಸದಸ್ಯರೆಂದು ಇಬ್ಬರಿಂದ ನಾಲ್ವರವರೆಗೆ ಆರಿಸಿಕೊಳ್ಳಲು ಕಾನೂನೇ ಅವಕಾಶವಿತ್ತಿದೆ. ಆ ಜಾಗದಲ್ಲಿ ಕಡಲನ್ನು ಬಲ್ಲ ಒಬ್ಬ ಹಿರಿಯ ಮೊಗವೀರನನ್ನು ಕೂರಿಸುವುದಕ್ಕೆ ಹೊಸ ಕಾನೂನು ಬೇಕಿಲ್ಲ, ಮನಸ್ಸು ಬೇಕು.

ಬಂದರಿನ ಯಶಸ್ಸನ್ನು ಟನ್ನಿನಿಂದ ಅಳೆಯುವ ಅಭ್ಯಾಸವನ್ನೂ ನಾವು ಪ್ರಶ್ನಿಸಬೇಕಾಗಿದೆ. ಇರಾನ್ ದೇಶಕ್ಕೆಂದು ಆರಂಭವಾದ ಕುದುರೆಮುಖದ ಅದಿರಿನ ಯೋಜನೆ, ಅಲ್ಲಿಯ ಕ್ರಾಂತಿಯ ಬಳಿಕ ಬೇರೆ ಕೊಳ್ಳುವವರನ್ನು ಹುಡುಕಿಕೊಂಡಿತು. ಬೆಟ್ಟವನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, ೬೭ ಕಿಲೋಮೀಟರಿನ ಕೊಳವೆಯಲ್ಲಿ ಪಣಂಬೂರಿಗೆ ಹರಿಸಿದರು. ೨೦೦೫ರ ಕೊನೆಯಲ್ಲಿ ಗಣಿ ನಿಂತಿತು. ಅಲ್ಲಿಯವರೆಗೆ ಬೆಟ್ಟ ತಗ್ಗಿದಷ್ಟೂ ಬಂದರಿನ ಅಂಕಿ ಏರುತ್ತಿತ್ತು! ಈಗ ಹೊರೆಯ ಬಹುಪಾಲು ಕಚ್ಚಾತೈಲ, ಅನಿಲ, ಕಲ್ಲಿದ್ದಲು. ಇವೆಲ್ಲ ಬೇಕಾದವೇ. ಆದರೆ ಒಂದು ಟನ್ನು ಕಲ್ಲಿದ್ದಲೂ ಒಂದು ಟನ್ನು ಕೊಡಗಿನ ಕಾಫಿಯೂ ಪಟ್ಟಿಯಲ್ಲಿ ಸಮವೆಂದ ಮೇಲೆ, ಆ ಪಟ್ಟಿ ಎಷ್ಟು ಕೈಗಳಿಗೆ ಕೆಲಸ ಸಿಕ್ಕಿತೆಂಬುದನ್ನು ಹೇಳಲಾರದು.

ಕಾಫಿಯ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಬೆಂಗಳೂರಿನಿಂದ ಮಂಗಳೂರಿಗೂ ಚೆನ್ನೈಗೂ ದೂರ ಹೆಚ್ಚುಕಡಮೆ ಒಂದೇ, ಸುಮಾರು ೩೫೦ ಕಿಲೋಮೀಟರು. ಆದರೂ ವೈಟ್‌ಫೀಲ್ಡಿನ ಕಂಟೇನರ್ ನೆಲೆಯಿಂದ ರಾಜಧಾನಿಯ ಸರಕು ಹೊರಡುವುದು ಚೆನ್ನೈಯ ಕಡೆಗೆ. ನಡುವೆ ಘಟ್ಟವಿದೆ, ಮಳೆ ಹಿಡಿಯಿತೆಂದರೆ ಶಿರಾಡಿಯಲ್ಲಿ ಗುಡ್ಡ ಕುಸಿಯುತ್ತದೆ. ಹಾಸನ-ಮಂಗಳೂರು ರೈಲುಹಳಿ ೧೯೭೯ರಲ್ಲಿ ಬಂದು, ಅಗಲಗೊಳಿಸುವ ಸಲುವಾಗಿ ಮುಚ್ಚಿ, ಹತ್ತು ವರ್ಷ ಅಣಕಿಸಿ, ೨೦೦೬-೦೭ರಲ್ಲಿ ಮತ್ತೆ ತೆರೆಯಿತು. ಈ ವ್ಯಾಪಾರದಲ್ಲಿ ಪೆಟ್ಟಿಗೆ ಇಲ್ಲದ ಕಡೆಗೆ ಹಡಗು ಬಾರದು, ಹಡಗು ಬಾರದ ಕಡೆಗೆ ಪೆಟ್ಟಿಗೆ ಹೋಗದು. ಒಮ್ಮೆ ತಪ್ಪಿದ ಹತ್ತು ವರ್ಷವನ್ನು ಹಿಡಿಯಲು ಮೂವತ್ತು ವರ್ಷವೂ ಸಾಲದು. ೨೦೨೩ರ ನವೆಂಬರಿನಿಂದ ಕೆಂಪುಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಮೊದಲಾಗಿ ಯೂರೋಪಿಗೆ ಹೋಗುವ ಹಡಗುಗಳು ಆಫ್ರಿಕವನ್ನು ಸುತ್ತಿ ಹೋಗತೊಡಗಿದಾಗ, ಚಿಕ್ಕಮಗಳೂರಿನ ಬೆಳೆಗಾರನ ಕಾಫಿಯ ಬಾಡಿಗೆ ಏರಿತು. ಯೆಮನ್ನಿನ ಗುಡ್ಡದಲ್ಲಿ ಹಾರಿದ ಗುಂಡು ಬಾಬಾಬುಡನ್ ಗಿರಿಯ ಕಣಕ್ಕೆ ಬಂದು ಬಿದ್ದಿತು. ಆ ಗಿರಿಗೆ ಕಾಫಿಯ ಬೀಜ ಬಂದದ್ದೂ ಯೆಮನ್ನಿನಿಂದಲೇ ಎಂಬುದು ನಮ್ಮ ಜನ ಹೇಳಿಕೊಂಡು ಬಂದ ಕತೆ.

ಮನುಷ್ಯನ ಮಾತಿಗೆ ಮರಳುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಲವು ವರ್ಷಗಳ ಹಿಂದೆ ಸರಕುಹಡಗೊಂದರಲ್ಲಿ ಕೆಲಸಕ್ಕೆ ಸೇರಿದ. ಹಡಗು ಹಳೆಯದು. ಕೊಲ್ಲಿಯ ಬಂದರೊಂದರ ಹೊರಗೆ ಲಂಗರು ಹಾಕಿದ್ದಾಗ ಮಾಲಿಕರು ಸಂಬಳ ನಿಲ್ಲಿಸಿದರು. ಆಮೇಲೆ ಎಣ್ಣೆ ನಿಲ್ಲಿಸಿದರು. ಕೊನೆಗೆ ಫೋನು ಎತ್ತುವುದನ್ನೂ ನಿಲ್ಲಿಸಿದರು. ಏಳು ತಿಂಗಳು! ಅವನು ಫೋನಿನಲ್ಲಿ ಕನ್ನಡದಲ್ಲಿಯೇ ಬರೆದು ಕಳುಹಿಸುತ್ತಿದ್ದ. “ದೀಪ ಇಲ್ಲ ಸರ್. ಮಳೆನೀರು ಹಿಡಿದಿದ್ದೇವೆ. ಅಮ್ಮನಿಗೆ ಹೇಳಬೇಡಿ.” ಇಳಿದು ಬಾ ಎಂದು ನಾನು ತಿಳಿಯದೆ ಬರೆದೆ. ಇಳಿಯುವ ಹಾಗಿಲ್ಲವಂತೆ; ಹಡಗನ್ನು ಕಾಯಲು ಇಷ್ಟು ಮಂದಿ ಇರಲೇಬೇಕೆಂದು ಬಂದರಿನವರ ಕಟ್ಟಳೆ, ಬದಲಿಗೆ ಬರುವವರಿಲ್ಲ, ಇಳಿದರೆ ಬಾಕಿ ಸಂಬಳದ ಆಸೆಯನ್ನೂ ಬಿಡಬೇಕು.

ಇದು ಅಪರೂಪದ ಕತೆಯೆಂದು ತಿಳಿದಿದ್ದೆ, ಹಾಗಲ್ಲ. ೨೦೨೪ ಒಂದೇ ವರ್ಷದಲ್ಲಿ ಮುನ್ನೂರಕ್ಕೂ ಮಿಕ್ಕ ಹಡಗುಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ನಾವಿಕರನ್ನು ಹೀಗೆ ಕೈಬಿಡಲಾಯಿತೆಂದು ಅಂತರರಾಷ್ಟ್ರೀಯ ಸಾರಿಗೆ ಕಾರ್ಮಿಕರ ಒಕ್ಕೂಟ ಲೆಕ್ಕ ಹಾಕಿದೆ. ಅವರಲ್ಲಿ ಅತಿ ಹೆಚ್ಚಿನವರು ಭಾರತೀಯರು. ಎವರ್ ಗಿವನ್ ಸಿಕ್ಕಿಕೊಂಡ ಅದೇ ಸೂಯೆಜಿನ ಸಮೀಪದಲ್ಲಿ ಸಿರಿಯದ ನಾವಿಕನೊಬ್ಬ, ನ್ಯಾಯಾಲಯವು ಹಡಗಿಗೆ ಅವನನ್ನೇ ಹೊಣೆಗಾರನನ್ನಾಗಿ ಮಾಡಿದ್ದರಿಂದ, ೨೦೧೭ರಿಂದ ೨೦೨೧ರವರೆಗೆ ಕೈಬಿಟ್ಟ ಹಡಗಿನಲ್ಲಿ ಉಳಿಯಬೇಕಾಯಿತು. ಕೊನೆಯ ದಿನಗಳಲ್ಲಿ ಒಬ್ಬಂಟಿಯಾಗಿ. ಪ್ರಪಂಚದ ಕ್ಯಾಮೆರಾಗಳೆಲ್ಲ ಮರಳಿಗೆ ಸಿಕ್ಕಿದ ಹಡಗಿನ ಮೇಲಿದ್ದವು.

ಕಾನೂನು ಇಲ್ಲವೆಂದಲ್ಲ. ೨೦೦೬ರ ನಾವಿಕ ಶ್ರಮಿಕರ ಒಡಂಬಡಿಕೆಗೆ ಭಾರತವೂ ೨೦೧೫ರಲ್ಲಿ ಸೇರಿದೆ. ಮಾಲಿಕನು ಕೈಬಿಟ್ಟರೆ ನಾಲ್ಕು ತಿಂಗಳ ಸಂಬಳವನ್ನು ವಿಮೆಯವರು ಕೊಡತಕ್ಕದ್ದೆಂಬ ನಿಯಮ ೨೦೧೭ರಿಂದ ಜಾರಿಯಲ್ಲಿದೆ. ನಮ್ಮ ಹುಡುಗನ ಹಡಗಿನ ವಿಮೆಯ ಅವಧಿ ಮುಗಿದಿತ್ತು. ಅದನ್ನು ನೋಡಬೇಕಾಗಿದ್ದುದು ಬಾವುಟದ ದೇಶ. ಇನ್ನು ನ್ಯಾಯಾಲಯ. ಸಮುದ್ರದ ನ್ಯಾಯದಲ್ಲಿ ಹಡಗೇ ಪ್ರತಿವಾದಿ. ಅದನ್ನು ಮನುಷ್ಯನಂತೆ ಬಂಧಿಸಬಹುದು. ನಮ್ಮ ಅಲಂಕಾರಶಾಸ್ತ್ರದವರು ಅಚೇತನಕ್ಕೆ ಚೇತನವನ್ನು ಆರೋಪಿಸಿದರೆ ಅಲಂಕಾರವೆನ್ನುತ್ತೇವೆ. ಇಲ್ಲಿ ಅದು ಅಮೀನನ ಕೈಯ ವಾರಂಟು. ೨೦೧೭ರ ಕಾನೂನಿನ ಪ್ರಕಾರ ಈ ಅಧಿಕಾರ ಈಗ ಕರ್ನಾಟಕದ ಉಚ್ಚ ನ್ಯಾಯಾಲಯಕ್ಕೂ ಇದೆ. ಹಡಗನ್ನು ಮಾರಿ ಬಂದ ಹಣದಲ್ಲಿ ಇತರ ಸಾಲಗಾರರಿಗಿಂತ ಮೊದಲು ನಾವಿಕರ ಸಂಬಳ ಸಲ್ಲಬೇಕೆಂಬ ಉದಾರವಾದ ವಿಧಿಯೂ ಅದರಲ್ಲಿದೆ. ಎಲ್ಸಾ ಹಡಗು ಮುಳುಗಿದ ಮೇಲೆ ಕೇರ‍ಳ ಸರಕಾರವು ೯,೫೩೧ ಕೋಟಿ ರೂಪಾಯಿ ಪರಿಹಾರ ಕೇಳಿ, ಅದೇ ಸಮೂಹದ ಮತ್ತೊಂದು ಹಡಗನ್ನು ವಿಳಿಂಜಂನಲ್ಲಿ ತಡೆಯಲು ತನ್ನ ಉಚ್ಚ ನ್ಯಾಯಾಲಯದಿಂದ ಆಜ್ಞೆ ಪಡೆಯಿತು. ಆದರೆ ಹಡಗು ನಮ್ಮ ನೀರಿನಲ್ಲಿದ್ದರೆ ಮಾತ್ರ ಇದೆಲ್ಲ. ನನ್ನ ವಿದ್ಯಾರ್ಥಿಯ ಹಡಗು ಇದ್ದದ್ದು ಪರರ ನೀರಿನಲ್ಲಿ.

೨೦೨೫ರಲ್ಲಿ ನಮ್ಮ ಸಂಸತ್ತು ಹಡಗು, ಬಂದರು, ಸರಕುಪತ್ರಗಳಿಗೆ ಸಂಬಂಧಿಸಿದಂತೆ ಐದು ಹೊಸ ಕಾನೂನುಗಳನ್ನು ಮಾಡಿತು. ೧೮೫೬ರ ಸರಕುಪತ್ರದ ಕಾನೂನೂ ೧೯೦೮ರ ಬಂದರು ಕಾನೂನೂ ೧೯೫೮ರ ವಾಣಿಜ್ಯ ನೌಕಾ ಕಾನೂನೂ ಹೋಗಬೇಕಾದವೇ. ಇವುಗಳ ಮೇಲೆ ಕನ್ನಡದಲ್ಲಿ ಒಂದು ಒಳ್ಳೆಯ ಲೇಖನವನ್ನು ನಾನು ಹುಡುಕಿದೆ, ಕೈಗೆ ಸಿಕ್ಕಲಿಲ್ಲ. ಮುನ್ನೂರು ಕಿಲೋಮೀಟರಿಗೂ ಮಿಕ್ಕ ಕಡಲತೀರವುಳ್ಳ ನಾಡಿನ ಭಾಷೆ ಇಷ್ಟು ಒಣನೆಲದ್ದೇಕೆ? ನಾವಿಕರನ್ನು ಕೆಲಸಕ್ಕೆ ಕಳುಹಿಸುವ ದಲ್ಲಾಳಿಗೆ ಕೇಂದ್ರದ ನೌಕಾ ಮಹಾನಿರ್ದೇಶನಾಲಯದ ಪರವಾನಗಿ ಇರಲೇಬೇಕೆಂಬ ಒಂದು ಸಾಲು ಕನ್ನಡದಲ್ಲಿ ಅಚ್ಚಾಗಿ ಕರಾವಳಿಯ ಪ್ರತಿಯೊಂದು ಕಾಲೇಜಿನ ಗೋಡೆಯ ಮೇಲೆ ಇದ್ದಿದ್ದರೆ, ಆ ಹುಡುಗ ಹಣ ಕೊಟ್ಟು ಆ ಹಡಗಿಗೆ ಏರುತ್ತಿರಲಿಲ್ಲ. ಅವನನ್ನು ಕಳುಹಿಸಿದವನಿಗೆ ಪರವಾನಗಿ ಇರಲಿಲ್ಲ. ಮೂರು ವರ್ಷ ಅವನಿಗೆ ಕನ್ನಡ ಕಲಿಸಿದ ನನಗೂ ಅಂಥದೊಂದು ಪರವಾನಗಿ ಉಂಟೆಂಬುದು ತಿಳಿದಿರಲಿಲ್ಲ. ಅಪಾಯದ ಸರಕು ಹೊತ್ತ ಹಡಗು ತೀರದ ಸಮೀಪ ಬಂದಾಗ ಅದರ ಪಟ್ಟಿ ಬಂದರಿನ ಕಚೇರಿಯಲ್ಲಿ ಇರುತ್ತದೆ. ಅಪಘಾತವಾದ ಗಂಟೆಯಲ್ಲಿಯೇ ಅದು ಮೀನುಗಾರರ ಸಹಕಾರ ಸಂಘಗಳಿಗೆ ಅವರಿಗೆ ತಿಳಿಯುವ ನುಡಿಯಲ್ಲಿ ತಲಪಬೇಕೆಂದು ಕೇಳುವುದು ದುರಾಸೆಯಲ್ಲ.

ಆ ಹುಡುಗ ಎಂಟನೆಯ ತಿಂಗಳಲ್ಲಿ ಊರಿಗೆ ಬಂದ. ಬಾಕಿ ಸಂಬಳ ಇನ್ನೂ ಬಂದಿಲ್ಲ. ಕೆಲವು ದಿನ ಊರಿನಲ್ಲಿ ಸುಮ್ಮನಿದ್ದು, ತಂಗಿಯ ಮದುವೆಯ ಸಾಲದ ದೆಸೆಯಿಂದ ಮತ್ತೆ ಹಡಗಿಗೆ ಹೊರಟುನಿಂತ. ಹೊರಡುವ ಮುನ್ನ ನಮ್ಮ ಮನೆಗೆ ಬಂದಿದ್ದ. ಈ ಸಲ ಕಳುಹಿಸುವವನ ಪರವಾನಗಿಯನ್ನು ನಾವಿಬ್ಬರೂ ಕುಳಿತು ಪರಿಶೀಲಿಸಿದೆವು, ಸರಿಯಾಗಿತ್ತು. ಗೇಟಿನವರೆಗೆ ಹೋದವನನ್ನು ಕರೆದು, “ಬಾವುಟ ಯಾವ ದೇಶದ್ದಪ್ಪಾ?” ಎಂದು ಕೇಳಿದೆ.

“ಅದನ್ನು ಕೇಳಲಿಲ್ಲ ಸರ್” ಎಂದ. “ಹತ್ತಿದ ಮೇಲೆ ನೋಡಿ ಹೇಳುತ್ತೇನೆ.”